‘ಎಐ ಬೇಡ’ ಅಂದ್ರೆ ಕೆಲಸ ಹೋಗುತ್ತಾ?

ಕಳೆದ ತಿಂಗಳು ಇಲ್ಲಿ ಒಬ್ಬ ಕಲಾವಿದೆಯ ಪತ್ರಕ್ಕೆ ನಾಲ್ಕೇ ಸಾಲು ಉತ್ತರ ಬರೆದಿದ್ದೆ. ‘ಇಷ್ಟವಿಲ್ಲದಿದ್ದರೆ ಎಐ ಬಳಸಬೇಡಿ, ಬೇಡ ಅನ್ನುವ ಹಕ್ಕು ನಿಮಗಿದೆ’ ಅಂತ. ಅದಕ್ಕೆ ಬಂದಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಚಿತ್ರ ಬರೆಯುವವರು, ಅನುವಾದಕರು, ಕಂಠದಾನ ಕಲಾವಿದರು, ಜಾಹೀರಾತು ಕಂಪನಿಯವರು, ಎಲ್ಲರೂ ಬರೆದಿದ್ದಾರೆ. ಬಹುತೇಕ ಎಲ್ಲರೂ ‘ದಯವಿಟ್ಟು ಹೆಸರು ಹಾಕಬೇಡಿ’ ಅಂದಿದ್ದಾರೆ. ಭಯ ಎಷ್ಟಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಹಾಗಾಗಿ ಈ ಸಲ ಪೂರ್ತಿ ಇದೇ ವಿಷಯ. ಊರಿನ ಹೆಸರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ಹನ್ನೊಂದು ವರ್ಷದಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೇನೆ. ಈಗ ಪ್ರಕಾಶಕರು ‘ಚಿತ್ರ ನಾವೇ ಎಐನಲ್ಲಿ ಮಾಡಿಸಿ ಕೊಡುತ್ತೇವೆ, ನೀವು ಸ್ವಲ್ಪ ಸರಿ ಮಾಡಿದರೆ ಸಾಕು’ ಅನ್ನುತ್ತಿದ್ದಾರೆ. ಮೊದಲು ಪುಟಕ್ಕೆ ಕೊಡುತ್ತಿದ್ದ ಹಣದಲ್ಲಿ ಮೂರನೇ ಒಂದು ಭಾಗ ಕೊಡುತ್ತಾರಂತೆ. ಬೇಡ ಅಂದರೆ ಬೇರೆಯವರು ಸಿಗುತ್ತಾರೆ ಅಂತಲೂ ಹೇಳಿದರು. ಏನು ಮಾಡಲಿ? – ಮೈಸೂರು

ಉತ್ತರ: ಎರಡು ವರ್ಷದ ಹಿಂದೆ ನನಗೂ ಇಂಥದ್ದೇ ಒಂದು ಕೆಲಸ ಬಂದಿತ್ತು. ಅಜ್ಜಿಮನೆಯ ಕಥೆ. ಹನ್ನೆರಡು ಚಿತ್ರ ಕಳಿಸಿ ‘ಟಚ್‌ಅಪ್ ಮಾಡಿ’ ಅಂದರು. ಮೊದಲನೇ ಚಿತ್ರದಲ್ಲಿ ಅಜ್ಜಿಯ ಮೂಗುಬೊಟ್ಟು ಎಡಗಡೆ, ಮೂರನೆಯದರಲ್ಲಿ ಬಲಗಡೆ, ಐದನೆಯದರಲ್ಲಿ ಇಲ್ಲವೇ ಇಲ್ಲ. ರುಬ್ಬುವ ಕಲ್ಲು ಇರಬೇಕಾದ ಕಡೆ ಯಾವ ಊರಿನದೋ ಕುಟ್ಟಾಣಿ. ಗೋಡೆಯ ಕ್ಯಾಲೆಂಡರಿನಲ್ಲಿ ದೂರದಿಂದ ಕನ್ನಡದ ಹಾಗೆ ಕಾಣುವ ಅಕ್ಷರಗಳು, ಹತ್ತಿರ ಹೋದರೆ ಒತ್ತು ಒಂದು ಕಡೆ, ಕೊಂಬು ಇನ್ನೊಂದು ಕಡೆ, ಓದಲು ಒಂದು ಪದವೂ ಇಲ್ಲ. ಒಂದು ಪುಟದಲ್ಲಿ ಯಕ್ಷಗಾನದ ವೇಷ ಬೇಕಿತ್ತು. ಬಡಗುತಿಟ್ಟಿನ ಕೇದಗೆ ಮುಂದಲೆ ಇರಬೇಕಾದ ತಲೆಯ ಮೇಲೆ ಕಥಕ್ಕಳಿಯ ಕಿರೀಟ ಕೂತಿತ್ತು. ಒಂಬತ್ತು ದಿನ ಕೂತು ಸರಿ ಮಾಡಿದೆ. ನಾನೇ ಮೊದಲಿನಿಂದ ಬರೆದಿದ್ದರೆ ಏಳು ದಿನ ಸಾಕಿತ್ತು. ಪುಸ್ತಕ ಬಂದಾಗ ನನ್ನ ಹೆಸರಿನ ಮುಂದೆ ‘ಚಿತ್ರಗಳು’ ಅಂತಿರಲಿಲ್ಲ, ‘ವಿನ್ಯಾಸ ಸಹಾಯ’ ಅಂತ ಇತ್ತು. ಅವತ್ತು ರಾತ್ರಿ ಅತ್ತಿದ್ದೇನೆ. ಆಮೇಲೆ ಅಂಥ ಕೆಲಸ ಒಪ್ಪಿಲ್ಲ.

ಅದಕ್ಕೇ ಹೇಳುತ್ತೇನೆ, ‘ಸ್ವಲ್ಪ ಸರಿ ಮಾಡುವುದು’ ಅನ್ನುವ ಮಾತನ್ನೇ ಒಪ್ಪಬೇಡಿ. ದರ ಇಳಿಸಲಿಕ್ಕೇ ಆ ಹೆಸರು ಇಟ್ಟಿದ್ದಾರೆ. ಇದು ಮೈಸೂರಿನಲ್ಲಿ ಹುಟ್ಟಿದ ಉಪಾಯವೂ ಅಲ್ಲ. ಅಮೆರಿಕದ ಸಿನಿಮಾ, ಟಿವಿ ಬರಹಗಾರರಿಗೆ 2023ರಲ್ಲಿ ಇದೇ ಹೆದರಿಕೆ ಇತ್ತು. ಸ್ಟುಡಿಯೋದವರು ಎಐನಿಂದ ಒಂದು ಕಚ್ಚಾ ಚಿತ್ರಕಥೆ ತೆಗೆದು, ಬರಹಗಾರನ ಕೈಗೆ ಕೊಟ್ಟು, ‘ನೀನು ತಿದ್ದಿದ್ದು ಅಷ್ಟೇ’ ಅಂತ ತಿದ್ದುಪಡಿಯ ದರ ಕೊಟ್ಟರೆ ಗತಿ ಏನು? ಅವರ ಸಂಘ ರೈಟರ್ಸ್ ಗಿಲ್ಡ್ ಈ ಬಗ್ಗೆ ನಿಯಮ ಬೇಕು ಅಂದಾಗ ಸ್ಟುಡಿಯೋಗಳು ಮೊದಲು ಒಪ್ಪಲಿಲ್ಲ. ‘ವರ್ಷಕ್ಕೊಂದು ಸಭೆ ಮಾಡಿ ತಂತ್ರಜ್ಞಾನದ ಬಗ್ಗೆ ಮಾತಾಡೋಣ’ ಅಂದರು. ಮೇ 2ರಂದು ಸುಮಾರು 11,500 ಬರಹಗಾರರು ಕೆಲಸ ನಿಲ್ಲಿಸಿದರು. ಸಂಬಳದ ವಿಷಯವೂ ಇತ್ತು, ಬೇರೆ ಬೇಡಿಕೆಗಳೂ ಇದ್ದವು, ಆದರೆ ಎಐ ವಿಷಯವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 148 ದಿನ ನಡೆಯಿತು ಆ ಮುಷ್ಕರ. ಮನೆ ಬಾಡಿಗೆ ಕಟ್ಟಲಾಗದೆ ಬೇರೆ ಕೆಲಸ ಹಿಡಿದವರೂ ಇದ್ದರು.

ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಎಐ ನಿಷೇಧ ಅಲ್ಲ. ಬರಹಗಾರನಿಗೆ ಬೇಕಿದ್ದರೆ, ಕಂಪನಿಯೂ ಒಪ್ಪಿದರೆ, ಬಳಸಬಹುದು. ಆದರೆ ಬಳಸಲೇಬೇಕು ಅಂತ ಕಂಪನಿ ಬಲವಂತ ಮಾಡುವ ಹಾಗಿಲ್ಲ. ಎಐನಿಂದ ಬಂದ ಬರಹ ಕೊಡುವುದಾದರೆ ಅದನ್ನು ಮೊದಲೇ ಹೇಳಬೇಕು. ಮತ್ತೆ, ನಿಮಗೆ ಮುಖ್ಯವಾದದ್ದು ಇದು: ಯಂತ್ರ ಬರೆದದ್ದನ್ನು ‘ಮೊದಲ ಕರಡು’ ಅಂತ ಲೆಕ್ಕ ಹಿಡಿದು ಬರಹಗಾರನ ಹಣವನ್ನಾಗಲಿ ಹೆಸರನ್ನಾಗಲಿ ಕತ್ತರಿಸುವ ಹಾಗಿಲ್ಲ. ನಿಮ್ಮ ಪ್ರಕಾಶಕರು ನಿಮಗೆ ಮಾಡುತ್ತಿರುವುದು ಅದನ್ನೇ ಅಲ್ವಾ?

ನಮ್ಮಲ್ಲಿ ಚಿತ್ರ ಬರೆಯುವವರಿಗೆ ಅಷ್ಟು ಗಟ್ಟಿಯಾದ ಸಂಘ ಇಲ್ಲ, ಗೊತ್ತು. ಆದರೂ ನೀವು ಮಾಡಬಹುದಾದದ್ದು ಇದೆ. ಅವರ ಒಂದು ಎಐ ಚಿತ್ರ ತರಿಸಿಕೊಳ್ಳಿ. ಸರಿ ಮಾಡಲು ಎಷ್ಟು ಗಂಟೆ ಬೇಕಾಯಿತು ಅಂತ ಗಡಿಯಾರ ನೋಡಿ ಬರೆದಿಡಿ, ಏನೇನು ತಪ್ಪಿತ್ತು ಅಂತ ಪಟ್ಟಿ ಮಾಡಿ, ಹೊಸದಾಗಿ ಬರೆದರೆ ಎಷ್ಟು ಹೊತ್ತು ಅಂತಲೂ ಪಕ್ಕದಲ್ಲಿ ಬರೆದು ಕಳಿಸಿ. ಜಗಳದ ಮಾತು ಒಂದೂ ಬೇಡ, ಲೆಕ್ಕ ಅವರ ಕಣ್ಣಿಗೆ ಬೀಳಲಿ. ಜೊತೆಗೆ ಮಕ್ಕಳ ಪುಸ್ತಕದಲ್ಲಿ ಒತ್ತಕ್ಷರ ತಪ್ಪಿದ ಬೋರ್ಡು ಅಚ್ಚಾದರೆ ಪುಸ್ತಕ ವಾಪಸ್ ಬರುತ್ತದೆ ಅಂತ ಅವರಿಗೂ ಗೊತ್ತು.

ನಿಮ್ಮ ಹಳೆಯ ಒಪ್ಪಂದಗಳನ್ನೂ ತೆಗೆದು ಓದಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಲಾವಿದರ ಪರವಾಗಿ ಕೆಲವು ಒಳ್ಳೆಯ ಮಾತು ಹೇಳುತ್ತದೆ, ನಾವೇ ಓದುವುದಿಲ್ಲ. ಹಕ್ಕು ಬರೆದುಕೊಡುವುದು ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ 5 ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ಸಹಿ ಹಾಕಿದಾಗ ಬಳಕೆಯಲ್ಲಿ ಇಲ್ಲದ ಮಾಧ್ಯಮ ಅಥವಾ ವಿಧಾನಕ್ಕೆ, ಅದರ ಹೆಸರು ಹೇಳಿ ಬರೆದುಕೊಟ್ಟಿಲ್ಲದಿದ್ದರೆ, ಆ ಒಪ್ಪಂದ ತಾಗುವುದಿಲ್ಲ. 2014ರಲ್ಲಿ ನೀವು ಕೊಟ್ಟ ಚಿತ್ರಗಳನ್ನು ಎಐಗೆ ಉಣಿಸಿ ಚಿತ್ರ ಮಾಡುವುದನ್ನು ಕಲಿಸಲು ಯಾರಾದರೂ ಹೊರಟರೆ ಈ ಮಾತನ್ನು ಎತ್ತಿ ಕೇಳಬಹುದು. ಮುಂದಿನ ಒಪ್ಪಂದದಲ್ಲಿ ‘ಈ ಚಿತ್ರಗಳನ್ನು ಎಐ ತರಬೇತಿಗೆ ಬಳಸಬಾರದು’ ಅಂತ ಒಂದು ಸಾಲು, ‘ಕಲಾವಿದರು ಎಐ ಬಳಸಬೇಕೆಂಬ ಷರತ್ತು ಇಲ್ಲ’ ಅಂತ ಇನ್ನೊಂದು ಸಾಲು ಸೇರಿಸಿ.

ಇಷ್ಟೆಲ್ಲಾ ಆದ ಮೇಲೂ ಅವರು ಒಪ್ಪದೆ, ಈ ತಿಂಗಳ ಸ್ಕೂಲ್ ಫೀಸು ಕಟ್ಟಬೇಕಾಗಿ ಬಂದು ನೀವು ಆ ಕೆಲಸ ತೆಗೆದುಕೊಂಡರೆ, ದಯವಿಟ್ಟು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಗಂಟೆಯ ಲೆಕ್ಕದಲ್ಲಿ ಹಣ ಕೇಳಿ. ಪುಟದ ಲೆಕ್ಕಕ್ಕೆ ಮಾತ್ರ ಒಪ್ಪಬೇಡಿ.

ಪ್ರಶ್ನೆ: ನಾನು ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಈಗ ಬರುವ ಕೆಲಸವೆಲ್ಲ ಯಂತ್ರ ಮಾಡಿದ ಅನುವಾದ ತಿದ್ದುವುದೇ. ಪದಕ್ಕೆ ಕೊಡುವ ಪೈಸೆ ಅರ್ಧಕ್ಕಿಂತ ಕಡಿಮೆಯಾಗಿದೆ. ‘ಅನುವಾದ ಆಗಿಬಿಟ್ಟಿದೆಯಲ್ಲ, ಇನ್ನೇನು ಕೆಲಸ’ ಅನ್ನುತ್ತಾರೆ. ಅವರಿಗೆ ಹೇಗೆ ವಿವರಿಸಲಿ? – ಧಾರವಾಡ

ಉತ್ತರ: ‘ಅಂಕಲ್’ ಅನ್ನುವ ಒಂದು ಪದ ಇಟ್ಟುಕೊಂಡು ವಿವರಿಸಿ. ನನ್ನ ಗೆಳತಿಯೊಬ್ಬಳು ಹಾಗೇ ಮಾಡಿದಳು. ಕಾದಂಬರಿಯ ಮೊದಲ ಪುಟದಲ್ಲೇ ಒಬ್ಬ ಅಂಕಲ್ ಬರುತ್ತಾನೆ. ಸೋದರಮಾವನಾ, ಚಿಕ್ಕಪ್ಪನಾ, ದೊಡ್ಡಪ್ಪನಾ, ಅತ್ತೆಯ ಗಂಡನಾ? ಇಂಗ್ಲಿಷ್‌ಗೆ ಆ ಚಿಂತೆ ಇಲ್ಲ. ಅವಳು ನಲವತ್ತು ಪುಟ ಮುಂದೆ ಓದಿದ ಮೇಲೆ ಆತ ತಾಯಿಯ ತಮ್ಮ ಅಂತ ಗೊತ್ತಾಯಿತು. ಆಮೇಲೆ ವಾಪಸ್ ಬಂದು ‘ಮಾವ’ ಅಂತ ಬರೆದಳು. ಅವಳಿಗೆ ತಿದ್ದಲು ಕೊಟ್ಟ ಯಂತ್ರದ ಪ್ರತಿಯಲ್ಲಿ ಅದೇ ಮನುಷ್ಯ ಒಂದು ಅಧ್ಯಾಯದಲ್ಲಿ ಚಿಕ್ಕಪ್ಪ, ಇನ್ನೊಂದರಲ್ಲಿ ಮಾವ. ಗಂಡ ಹೆಂಡತಿ ಜಗಳವಾಡುವ ಕಡೆ ಒಂದು ಸಾಲಿನಲ್ಲಿ ‘ನೀನು’, ಮುಂದಿನ ಸಾಲಿನಲ್ಲಿ ‘ನೀವು’. ಯಾವ ಗಳಿಗೆಯಲ್ಲಿ ಹೆಂಡತಿ ‘ನೀವು’ ಬಿಟ್ಟು ‘ನೀನು’ ಅಂದಳು ಅನ್ನುವುದರಲ್ಲೇ ನಮ್ಮಲ್ಲಿ ಅರ್ಧ ಕಥೆ ಇರುತ್ತದೆ. ಅದನ್ನು ಸರಿ ಮಾಡಬೇಕಾದರೆ ಮೂಲ ಓದಬೇಕು, ಯಂತ್ರದ್ದು ಓದಬೇಕು, ಎರಡನ್ನೂ ಹೋಲಿಸಬೇಕು, ಆಮೇಲೆ ಬರೆಯಬೇಕು. ಕೆಲಸ ಒಂದಿದ್ದದ್ದು ಮೂರಾಯಿತು, ಹಣ ಅರ್ಧವಾಯಿತು.

ಬಳಸುವ ಕೈಪಿಡಿ, ಸರಕಾರಿ ಸುತ್ತೋಲೆ, ಆ್ಯಪ್‌ನ ಬಟನ್ ಹೆಸರುಗಳು, ಇವಕ್ಕೆ ಯಂತ್ರದ ಪ್ರತಿ ತಿದ್ದುವುದು ನಿಮಗೆ ಒಗ್ಗಿದರೆ ಮಾಡಿ. ಕಥೆ, ಕವಿತೆ, ಆತ್ಮಕಥೆ ಬಂದಾಗ ‘ಮೂಲ ಕೊಡಿ, ನಾನೇ ಮಾಡುತ್ತೇನೆ’ ಅನ್ನಿ. ಯಂತ್ರದ್ದೇ ಇರಲಿ ಅಂತ ಹಠ ಹಿಡಿದರೆ ‘ಅನುವಾದ’ ಅಂತ ನನ್ನ ಹೆಸರು ಹಾಕಬೇಡಿ ಅನ್ನಿ. ಅನುವಾದವೂ ಸ್ವಂತ ಕೃತಿಯೇ ಅಂತ ಕಾನೂನು ಒಪ್ಪುತ್ತದೆ, ಹೆಸರಿನ ಹಕ್ಕು ಅನುವಾದಕರಿಗೂ ಇದೆ. ಹೆಸರು ಬೇಡ ಅಂದ ಕೂಡಲೇ ಕೆಲವು ಪ್ರಕಾಶಕರು ಯೋಚನೆ ಮಾಡಿದ್ದನ್ನು ನೋಡಿದ್ದೇನೆ. ಅವರಿಗೆ ಬೇಕಾಗಿರುವುದು ಎಷ್ಟೋ ಸಲ ನಿಮ್ಮ ಹೆಸರೇ.

ಪ್ರಶ್ನೆ: ಅಕ್ಕಾ, ನಾನು ಡಬ್ಬಿಂಗ್‌ಗೆ ಕಂಠದಾನ ಮಾಡುತ್ತೇನೆ. ಹೊಸ ಒಪ್ಪಂದದಲ್ಲಿ ‘ಈಗಿರುವ ಮತ್ತು ಮುಂದೆ ಬರುವ ಎಲ್ಲಾ ತಂತ್ರಜ್ಞಾನದಲ್ಲೂ, ಶಾಶ್ವತವಾಗಿ’ ಅಂತ ಒಂದು ಸಾಲಿದೆ. ಎಲ್ಲರೂ ಸಹಿ ಹಾಕುತ್ತಿದ್ದಾರೆ. ಹಾಕಲಾ? – ಬೆಂಗಳೂರು

ಉತ್ತರ: ಹಾಗೇ ಹಾಕಬೇಡ ತಂಗಿ. ಆ ಒಂದು ಸಾಲಿನಲ್ಲಿ ನಿನ್ನ ದನಿಯ ನಕಲು ಮಾಡುವುದಕ್ಕೂ ಒಪ್ಪಿಗೆ ಇದೆ ಅಂತ ನಾಳೆ ಯಾರಾದರೂ ವಾದ ಮಾಡಬಹುದು. ‘ಈ ಸಿನಿಮಾಕ್ಕೆ ಮಾತ್ರ, ಎಐ ನಕಲಿಗೆ ಅಥವಾ ತರಬೇತಿಗೆ ಒಪ್ಪಿಗೆ ಇಲ್ಲ’ ಅಂತ ಸೇರಿಸಲು ಕೇಳು. ಒಬ್ಬಳೇ ಕೇಳಿದರೆ ಕಷ್ಟ, ಸ್ಟುಡಿಯೋದಲ್ಲಿ ಒಟ್ಟಿಗೆ ಕೆಲಸ ಮಾಡುವ ಐದಾರು ಜನ ಸೇರಿ ಕೇಳಿ. ದನಿ ಕೊಡುವುದೂ ಪ್ರದರ್ಶನವೇ ಅಂತ ವಾದಿಸಲು ಕಾನೂನಿನಲ್ಲಿ ಜಾಗ ಇದೆ. ಪ್ರದರ್ಶಕರಿಗೆ ಹೆಸರಿನ ಹಕ್ಕು, ತನ್ನ ಪ್ರದರ್ಶನವನ್ನು ಹೆಸರು ಕೆಡುವ ಹಾಗೆ ತಿರುಚಿದರೆ ತಡೆಯುವ ಹಕ್ಕು 2012ರಿಂದ ಇದೆ. ಸಹಿಗೆ ಮೊದಲು ಒಬ್ಬ ವಕೀಲರಿಗೆ ತೋರಿಸು.

ಒಪ್ಪಿಗೆ ಅನ್ನುವುದು ಎಷ್ಟು ದೊಡ್ಡದು ನೋಡು. 2024ರ ಆರಂಭದಲ್ಲಿ ಎರಡು ಸುದ್ದಿ ಬೆನ್ನುಬೆನ್ನಿಗೆ ಬಂದವು. ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐನಿಂದ ಒಂದು ತಮಿಳು ಹಾಡಿಗೆ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಹಣವನ್ನೂ ಕೊಟ್ಟಿದ್ದೇವೆ ಅಂತ ಹೇಳಿದರು. ಇನ್ನೊಂದು ಕಡೆ ನಮ್ಮ ಎಸ್ಪಿಬಿ ದನಿಯನ್ನು ಒಂದು ತೆಲುಗು ಸಿನಿಮಾದಲ್ಲಿ ಕೇಳದೆ ಬಳಸಿದ್ದಾರೆ ಅಂತ ಅವರ ಮಗ ಎಸ್.ಪಿ. ಚರಣ್ ನೋಟಿಸ್ ಕಳಿಸಿದರು. ತಂತ್ರಜ್ಞಾನ ಎರಡೂ ಕಡೆ ಒಂದೇ. ಕೇಳಿದ್ದು, ಕೇಳದೆ ಇದ್ದದ್ದು, ಅಷ್ಟೇ ವ್ಯತ್ಯಾಸ. ಅದೇ ವರ್ಷ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿ ಇಲ್ಲದೆ ಎಐನಲ್ಲಿ ನಕಲು ಮಾಡುವುದಕ್ಕೆ ತಡೆ ಕೊಟ್ಟಿತು. ಅಮೆರಿಕದ ವಿಡಿಯೋ ಗೇಮ್ ಕಲಾವಿದರು ಇದೇ ವಿಷಯಕ್ಕೆ 2024ರ ಜುಲೈನಿಂದ 2025ರ ಜೂನ್‌ವರೆಗೆ ಮುಷ್ಕರ ಮಾಡಿದರು. ದನಿಯ ನಕಲು ಮಾಡಬೇಕಾದರೆ ಒಪ್ಪಿಗೆ ಕೇಳಬೇಕು, ಹಣ ಕೊಡಬೇಕು ಅನ್ನುವುದನ್ನು ಒಪ್ಪಂದದಲ್ಲಿ ಬರೆಸಿಕೊಂಡ ಮೇಲೇ ಮುಗಿಸಿದರು.

ಪ್ರಶ್ನೆ: ಜಾಹೀರಾತು ಕಂಪನಿಯಲ್ಲಿ ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆಯುತ್ತೇನೆ. ‘ಈ ತಿಂಗಳು ಎಷ್ಟು ಕೆಲಸಕ್ಕೆ ಎಐ ಬಳಸಿದಿರಿ’ ಅಂತ ಲೆಕ್ಕ ಕೇಳುತ್ತಾರೆ, ಸಂಬಳ ಏರಿಸುವಾಗ ಅದನ್ನೂ ನೋಡುತ್ತಾರಂತೆ. ಕೆಲವರು ಬಳಸದೆಯೇ ‘ಬಳಸಿದೆ’ ಅಂತ ಬರೆಯುತ್ತಿದ್ದಾರೆ. – ಬೆಂಗಳೂರು

ಉತ್ತರ: ಸುಳ್ಳು ಬರೆಯಬೇಡಿ. ಆ ಸುಳ್ಳು ಲೆಕ್ಕವೇ ನಾಳೆ ‘ನೋಡಿ, ಎಐನಿಂದ ಕೆಲಸ ಇಷ್ಟು ಬೇಗ ಆಗುತ್ತಿದೆ, ಜನ ಕಡಿಮೆ ಸಾಕು’ ಅನ್ನುವುದಕ್ಕೆ ಆಧಾರವಾಗುತ್ತದೆ. ಪೆನ್ನಿನಲ್ಲಿ ಬರೆದಿದ್ದರೆ ಪೆನ್ನಿನಲ್ಲಿ ಅಂತಲೇ ಬರೆಯಿರಿ.

ನೌಕರಿಯಲ್ಲಿ ಇರುವವರ ಸ್ಥಿತಿ ಬೇರೆ, ಅದನ್ನು ಮುಚ್ಚಿಡುವುದಿಲ್ಲ. ನೌಕರಿಯ ಭಾಗವಾಗಿ ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಕಂಪನಿಯದ್ದೇ. ಆದರೆ ಕಂಪನಿಗೆ ಅರ್ಥವಾಗುವ ಒಂದು ಪ್ರಶ್ನೆಯನ್ನು ನೀವು ಇಮೇಲ್‌ನಲ್ಲಿ ಕೇಳಬಹುದು: ‘ಇದು ಗ್ರಾಹಕರಿಗೆ ಗೊತ್ತಾ?’ ಗ್ರಾಹಕರ ಗುಟ್ಟಿನ ಮಾಹಿತಿ ಹೊರಗಿನ ಎಐಗೆ ಹಾಕಬಹುದಾ? ಎಐ ಮಾಡಿದ ಚಿತ್ರದ ಹಕ್ಕು ಗ್ರಾಹಕರಿಗೆ ಸಿಗುತ್ತದಾ? ವಿದೇಶಿ ಗ್ರಾಹಕರಿದ್ದರೆ ಇದು ಸಣ್ಣ ವಿಷಯ ಅಲ್ಲ. ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರವರಿಯಲ್ಲಿ ಒಂದು ಕಾಮಿಕ್ಸ್ ಪುಸ್ತಕದ ಬರಹಕ್ಕೂ ಜೋಡಣೆಗೂ ಹಕ್ಕು ಕೊಟ್ಟು, ಎಐ ಮಾಡಿದ ಚಿತ್ರಗಳಿಗೆ ಕೊಡಲಿಲ್ಲ. 2025ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ ಕೂಡ ಕೃತಿಗೆ ಮನುಷ್ಯನೇ ಕರ್ತೃ ಆಗಿರಬೇಕು ಅಂದಿತು. ದುಡ್ಡು ಕೊಟ್ಟು ಮಾಡಿಸಿದ ಚಿತ್ರವನ್ನು ಎದುರಾಳಿ ಕಂಪನಿ ಎತ್ತಿಕೊಂಡರೆ ತಡೆಯಲು ಆಗದಿದ್ದರೆ ಯಾವ ಗ್ರಾಹಕ ಸುಮ್ನೆ ಇರುತ್ತಾನೆ?

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ನಿಮ್ಮ ಹಿಂದಿನ ಉತ್ತರ ಓದಿ ಬೇಜಾರಾಯಿತು. ಅಚ್ಚುಮೊಳೆ ಹೋಗಿ ಡಿಟಿಪಿ ಬಂತು, ಫಿಲ್ಮ್ ಹೋಗಿ ಡಿಜಿಟಲ್ ಬಂತು. ಆಗಲೂ ಜನ ಅತ್ತರು, ಆಮೇಲೆ ಕಲಿತರು. ಕಲಾವಿದರು ಯಾಕೆ ಹಠ ಮಾಡಬೇಕು? – ಶಿವಮೊಗ್ಗ

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. ನಾನೂ ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುತ್ತೇನೆ, ಯಂತ್ರದ ಮೇಲೆ ದ್ವೇಷ ಇಲ್ಲ. ಆದರೆ ಡಿಟಿಪಿ ಬಂದಾಗ ಅದು ಯಾವ ಲೇಖಕರ ಪುಸ್ತಕವನ್ನೂ ತಿಂದು ಹುಟ್ಟಿರಲಿಲ್ಲ. ಮೊಳೆ ಜೋಡಿಸುವವರ ಕೆಲಸ ಹೋಯಿತು, ಅದು ನೋವಿನ ಮಾತೇ, ಆದರೆ ಅವರು ಹಿಂದೆ ಜೋಡಿಸಿದ ಪುಟಗಳನ್ನು ಯಾರೂ ಕೇಳದೆ ಕಚ್ಚಾ ಸಾಮಗ್ರಿ ಮಾಡಿಕೊಂಡಿರಲಿಲ್ಲ. ಈ ಎಐ ಮಾದರಿಗಳು ಕಲಿತಿರುವುದು ನಮ್ಮ ಚಿತ್ರ, ನಮ್ಮ ಬರಹ ನೋಡಿ. ನಮ್ಮಿಂದ ಕಲಿತು ನಮ್ಮ ದರ ಇಳಿಸುವುದಕ್ಕೆ ಬಂದಿದೆ. ಪೋಲೆಂಡಿನ ಕಲಾವಿದ ಗ್ರೆಗ್ ರುಟ್ಕೋವ್ಸ್ಕಿ ಹೆಸರನ್ನು ಲೆಕ್ಕವಿಲ್ಲದಷ್ಟು ಜನ ಎಐಗೆ ಬರೆದು ಅವರ ಶೈಲಿಯ ಚಿತ್ರ ತೆಗೆದರು. ಕೊನೆಗೆ ಅವರ ಹೆಸರು ಹುಡುಕಿದರೆ ಅವರು ಬರೆಯದ ಚಿತ್ರಗಳೇ ಸಿಗುವ ಹಾಗಾಯಿತು.

ಪುಸ್ತಕಗಳ ವಿಷಯದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಎಐ ತಯಾರಿಸುವ ಆಂಥ್ರೊಪಿಕ್ ಕಂಪನಿ, ಲೇಖಕರು ಹಾಕಿದ್ದ ಕೇಸಿನಲ್ಲಿ, ಅವರಿಗೆ 150 ಕೋಟಿ ಡಾಲರ್ ಕೊಡಲು ಒಪ್ಪಿತು. ಸುಮಾರು 5 ಲಕ್ಷ ಪುಸ್ತಕ, ಪುಸ್ತಕಕ್ಕೆ ಹೆಚ್ಚುಕಡಿಮೆ 3,000 ಡಾಲರ್. ನ್ಯಾಯವಾಗಿ ಹೇಳಬೇಕೆಂದರೆ, ಪುಸ್ತಕ ಓದಿಸಿ ಎಐಗೆ ಕಲಿಸುವುದು ತಪ್ಪಲ್ಲ ಅಂತಲೇ ಆ ಕೇಸಿನ ಜಡ್ಜ್ ಅಂದಿದ್ದರು. ಕಳ್ಳ ಪ್ರತಿಗಳ ತಾಣದಿಂದ ಇಳಿಸಿಕೊಂಡು ಇಟ್ಟುಕೊಂಡದ್ದು ಸರಿಯಲ್ಲ ಅಂದಿದ್ದರು. ಬೇರೆ ಕೇಸುಗಳು ಬೇರೆ ಬೇರೆ ಕೋರ್ಟುಗಳಲ್ಲಿ ಇವೆ. ಕಾನೂನು ಇನ್ನೂ ಗಟ್ಟಿಯಾಗಿಲ್ಲ ಅನ್ನುವಾಗ ‘ನೀನು ಈಗಲೇ ಬಳಸು, ಇಲ್ಲದಿದ್ದರೆ ಎದ್ದು ಹೋಗು’ ಅಂತ ಕಲಾವಿದರಿಗೆ ಹೇಳುವುದು ಸರಿಯಾ, ನೀವೇ ಯೋಚಿಸಿ. ನೀವು ಬಳಸಬೇಡಿ ಅಂತ ನಾನು ಹೇಳುತ್ತಿಲ್ಲ. ನಿಮಗೆ ಆಯ್ಕೆ ಇದೆ. ಅವರಿಗೂ ಇರಲಿ.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕುವುದನ್ನೇ ನಿಲ್ಲಿಸಬೇಕಾ? – ಉಡುಪಿ

ಉತ್ತರ: ಕೆಲಸ ಸಿಗುವುದೇ ಅಲ್ಲಿಂದ ಅಂದಮೇಲೆ ನಿಲ್ಲಿಸುವುದು ಹೇಗೆ? ಸಣ್ಣ ಅಳತೆಯ ಚಿತ್ರ ಹಾಕಿ. ಷಿಕಾಗೊ ವಿಶ್ವವಿದ್ಯಾಲಯದವರು ಮಾಡಿದ ಗ್ಲೇಜ್ ಅನ್ನುವ ಉಚಿತ ಸಾಫ್ಟ್‌ವೇರ್ 2023ರಿಂದ ಇದೆ. ಕಣ್ಣಿಗೆ ಅಷ್ಟಾಗಿ ಕಾಣದ ಬದಲಾವಣೆ ಮಾಡಿ, ಎಐ ನಿಮ್ಮ ಶೈಲಿಯನ್ನು ಸರಿಯಾಗಿ ಹಿಡಿಯದ ಹಾಗೆ ಮಾಡುತ್ತದೆ. ಇದು ಎಂದೆಂದಿಗೂ ಕಾಯುವ ಬೀಗ ಅಲ್ಲ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ಇದ್ದರೆ ಒಳ್ಳೆಯದು.

ಪ್ರಶ್ನೆ: ತಂಗೀ, ನನಗೆ 67 ವರ್ಷ. ಮೂವತ್ತು ವರ್ಷ ಅಂಗಡಿ ಬೋರ್ಡು, ಲಾರಿ, ಗೋಡೆ ಬರೆದವನು. ಫ್ಲೆಕ್ಸ್ ಬಂದ ಎರಡು ಮೂರು ವರ್ಷದಲ್ಲಿ ನಮ್ಮ ಓಣಿಯ ಆರು ಜನರ ಬ್ರಷ್ ಮೂಲೆ ಸೇರಿತು. ಆಗ ನಮ್ಮ ಬಗ್ಗೆ ಯಾರೂ ಪತ್ರಿಕೆಯಲ್ಲಿ ಬರೆಯಲಿಲ್ಲ. ಈಗ ಓದಿದವರ ಕೆಲಸಕ್ಕೆ ಕುತ್ತು ಬಂದಿದೆ ಅಂತ ಇಷ್ಟು ಮಾತು, ಅಲ್ವಾ? – ಹುಬ್ಬಳ್ಳಿ

ಉತ್ತರ: ಅಣ್ಣಾ, ನಿಮ್ಮ ಮಾತು ನಿಜ. ನಾವು ಯಾರೂ ಬರೆಯಲಿಲ್ಲ. ನನ್ನ ಮೊದಲ ಚಿತ್ರಪ್ರದರ್ಶನಕ್ಕೆ ನಾನೇ ಫ್ಲೆಕ್ಸ್ ಮಾಡಿಸಿದ್ದೆ, ಅಗ್ಗ ಅಂತ. ಬಟ್ಟೆ ಬ್ಯಾನರ್ ಬರೆಯುವವರು ಅದೇ ರಸ್ತೆಯ ತುದಿಯಲ್ಲಿದ್ದರು. ಅವರ ಅಂಗಡಿ ಮುಚ್ಚಿದ್ದು ನನ್ನ ಗಮನಕ್ಕೇ ಬರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಅವರ ‘ಶ್ರೀ’ ಕಣ್ಣ ಮುಂದೆ ಬಂತು. ಕೆಂಪು ಅಕ್ಷರ, ಹಳದಿ ಅಂಚು, ಬಲಗಡೆ ಕಪ್ಪು ನೆರಳು, ಒತ್ತಿನ ಬಾಲ ಸ್ವಲ್ಪ ಉದ್ದ. ಒಬ್ಬೊಬ್ಬ ಪೇಂಟರ್‌ದು ಒಂದೊಂದು ರೀತಿ. ಈಗ ಊರಿನ ಯಾವ ಬೀದಿಗೆ ಹೋದರೂ ಅವೇ ನಾಲ್ಕು ಕಂಪ್ಯೂಟರ್ ಅಕ್ಷರ.

ನಿಮ್ಮ ಕೈಬರಹದ ಬೋರ್ಡು ಹುಬ್ಬಳ್ಳಿಯಲ್ಲಿ ಎಲ್ಲಾದರೂ ಉಳಿದಿದ್ದರೆ ಮೊಮ್ಮಕ್ಕಳ ಕೈಲಿ ಫೋಟೋ ತೆಗೆಸಿ ಕಳಿಸಿ. ಸಂಪಾದಕರ ಹತ್ತಿರ ಮಾತಾಡಿದ್ದೇನೆ. ಮುಂದಿನ ತಿಂಗಳಿಂದ ಈ ಅಂಕಣದ ತಲೆಬರಹ ನಿಮ್ಮ ಬ್ರಷ್‌ನಲ್ಲೇ ಬರೆಸಬೇಕು ಅಂತ ಇಬ್ಬರಿಗೂ ಆಸೆ. ದರ ನೀವೇ ಹೇಳಿ. ಒಪ್ಪಂದವನ್ನು ಬರಹದಲ್ಲೇ ಕಳಿಸುತ್ತೇವೆ, ಕೆಳಗೆ ನಿಮ್ಮ ಹೆಸರೂ ಇರುತ್ತದೆ.